ಪೈಸೆಯ ಲೆಕ್ಕವನ್ನು ಪೂರ್ಣಾಂಕಕ್ಕೆ ತಂದ ಬಗೆ

ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶವೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರಿನಲ್ಲಿ ಪೈಥಾನ್, ಬಿಲ್ ಹಾಕುವ ಪರದೆಯಲ್ಲಿ ಜಾವಾಸ್ಕ್ರಿಪ್ಟ್, ಹೀಗೆ ಎರಡು ಪ್ರೋಗ್ರಾಮಿಂಗ್ ಭಾಷೆಗಳು. ಎರಡೂ ಕಡೆ ಒಂದೇ ಮೊತ್ತ ಬರಬೇಕು, ಒಂದು ಪೈಸೆಯೂ ಹೆಚ್ಚುಕಡಿಮೆ ಆಗಕೂಡದು.

ಮೊದಲು ದಶಮಾಂಶದ ರೂಪಾಯಿಯನ್ನು ಕೈಬಿಟ್ಟು ಎಲ್ಲ ಮೊತ್ತಗಳನ್ನೂ ಪೈಸೆಯ ಪೂರ್ಣಾಂಕಕ್ಕೆ ತಂದೆ. 4.35ನ್ನು 100ರಿಂದ ಗುಣಿಸಿ ನೋಡಿ: ಎರಡೂ ಭಾಷೆಗಳಲ್ಲಿ 434.99999999999994 ಬರುತ್ತದೆ. ದಶಮಾಂಶವನ್ನು ಕತ್ತರಿಸಿದರೆ ಒಂದು ಪೈಸೆ ಹೋಯಿತು. ಇದಕ್ಕೆ ಭಾಷೆಯನ್ನು ದೂರುವುದು ಅನ್ಯಾಯ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಇಡುವ ಬಗೆಯನ್ನು ಹೇಳುವ ಐಇಇಇ 754 ಮಾನದಂಡವನ್ನೇ ಎರಡೂ ಪಾಲಿಸುತ್ತವೆ. 53 ಬಿಟ್‌ಗಳ ಬೈನರಿಯಲ್ಲಿ, ಅಂದರೆ ಸೊನ್ನೆ-ಒಂದುಗಳ 53 ಸ್ಥಾನಗಳಲ್ಲಿ, 4.35 ನಿಖರವಾಗಿ ಕೂರುವುದಿಲ್ಲ, ಅಷ್ಟೇ. ಆದ್ದರಿಂದ ಟೈಪ್ ಮಾಡಿದ ಬೆಲೆಯನ್ನು ಅಕ್ಷರಗಳಾಗಿಯೇ ಓದಿ, ಚುಕ್ಕಿಯ ಎಡಬಲಗಳನ್ನು ಬೇರ್ಪಡಿಸಿ ಪೈಸೆ ಮಾಡುತ್ತೇನೆ. 4.5 ಎಂದು ಬಂದರೆ ಬಲಕ್ಕೊಂದು ಸೊನ್ನೆ ಸೇರಿಸಿ 450.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಿಜವಾದ ತೊಡಕಿರುವುದು ಭಾಗಾಕಾರದಲ್ಲಿ. 1025 ಪೈಸೆಗೆ ಶೇ 18ರ ಜಿಎಸ್‌ಟಿ ಎಂದರೆ 184.5. ಅರ್ಧ ಬಂದಾಗ ಪೈಥಾನ್ 3ರಲ್ಲಿ ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್ ಎಂಬ ಆಜ್ಞೆ ಸಮಸಂಖ್ಯೆಯ ಕಡೆಗೆ ವಾಲುವುದರಿಂದ 184 ಎನ್ನುತ್ತದೆ; ಜಾವಾಸ್ಕ್ರಿಪ್ಟಿನದು 185. ಹಾಗಾಗಿ ಎರಡನ್ನೂ ನೆಚ್ಚುವುದಿಲ್ಲ. ಪೈಸೆಯನ್ನು 18ರಿಂದ ಗುಣಿಸಿ, 50 ಕೂಡಿಸಿ, 100ರಿಂದ ಭಾಗಿಸಿ, ಶೇಷವನ್ನು ಬಿಟ್ಟುಬಿಡುತ್ತೇನೆ. ಆಗ ಎರಡೂ ಕಡೆ 185.

ಸರಕು ವಾಪಸ್ ಬಂದಾಗ ಮೊತ್ತ ಋಣವಾಗುತ್ತದೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಪೈಥಾನಿನ ಪೂರ್ಣಾಂಕ ಭಾಗಾಕಾರದಲ್ಲಿ 7ನ್ನು 2ರಿಂದ ಭಾಗಿಸಿದರೆ 3. -7ನ್ನು ಭಾಗಿಸಿದರೆ -4, ಏಕೆಂದರೆ ಅದು ಸದಾ ಕೆಳಕ್ಕಿಳಿಯುತ್ತದೆ. ಜಾವಾ ಮತ್ತು 1999ರ ನಂತರದ ಸಿ ಎಂಬ ಬೇರೆ ಭಾಷೆಗಳು ಸೊನ್ನೆಯ ಕಡೆಗೆ ಸರಿದು -3 ಕೊಡುತ್ತವೆ. ಪೈಥಾನಿನ ಉತ್ತರವನ್ನೇ ಹಿಡಿದರೆ ಮೂಲ ಬಿಲ್ಲೂ ವಾಪಸಿನ ಬಿಲ್ಲೂ ಒಂದನ್ನೊಂದು ಹೊಡೆದುಹಾಕದೆ ಒಂದು ಪೈಸೆ ಉಳಿಯುತ್ತದೆ. ಅದಕ್ಕೇ ಚಿಹ್ನೆಯನ್ನು ಪಕ್ಕಕ್ಕಿಟ್ಟು, ಬರಿಯ ಪರಿಮಾಣವನ್ನು ಭಾಗಿಸಿ, ಕೊನೆಯಲ್ಲಿ ಚಿಹ್ನೆ ಸೇರಿಸುತ್ತೇನೆ. ರಿಯಾಯಿತಿಯನ್ನು ಹಲವು ಸರಕುಗಳಿಗೆ ಹಂಚುವಾಗ ಉಳಿಕೆ ಪೈಸೆ ಕೊನೆಯ ಸರಕಿಗೆ ಹೋಗುತ್ತದೆ: 1000 ಪೈಸೆ ಮೂರು ಸರಕುಗಳಿಗೆ ಎಂದರೆ 333, 333, 334.

ಪೂರ್ಣಾಂಕದ ಮಿತಿಯೂ ಎಲ್ಲ ಕಡೆ ಒಂದೇ ಅಲ್ಲ. ಪೈಥಾನಿನಲ್ಲಿ ಮೆಮೊರಿ ಇರುವಷ್ಟೂ ಬೆಳೆಯುತ್ತದೆ. ಜಾವಾದ 32 ಬಿಟ್‌ನ ಪೂರ್ಣಾಂಕದಲ್ಲಿ 2147483647ಕ್ಕೆ ಒಂದು ಕೂಡಿಸಿದರೆ ಸದ್ದಿಲ್ಲದೆ ಋಣಸಂಖ್ಯೆ ಬರುತ್ತದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740992ಕ್ಕೆ ಒಂದು ಕೂಡಿಸಿದರೂ ಅಲ್ಲೇ ನಿಲ್ಲುತ್ತದೆ. ಯಾವ ಅಂಗಡಿಯ ಮೊತ್ತವೂ ಅಲ್ಲಿಗೆ ಮುಟ್ಟುವುದಿಲ್ಲ. ಉದ್ದನೆಯ ವ್ಯವಹಾರ ಸಂಖ್ಯೆಗಳು ಮುಟ್ಟಬಲ್ಲವು. ಅವನ್ನು ಎರಡೂ ಕಡೆ ಪಠ್ಯವಾಗಿಯೇ ಕಳುಹಿಸುತ್ತೇನೆ.