ಹಳೇ ವಿಂಡೋಸ್‌ಗೆ ಹೊರಗಿನ ಪ್ಯಾಚ್: ನಾನು ಮಾಡಿದ್ದು ಹೀಗೆ

“ಹೊರಗಿನವರ ಪ್ಯಾಚ್ ಹಾಕುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.” ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಹಳೇ ವಿಂಡೋಸ್‌ಗಳಿಗೆ ಬೇರೆ ದಾರಿಯಲ್ಲಿ ಪ್ಯಾಚ್, ಅಂದರೆ ಭದ್ರತೆಯ ತೂತು ಮುಚ್ಚುವ ತಿದ್ದುಪಡಿ, ಹಾಕಲು ನಾನು ಶುರು ಮಾಡಿದಾಗ ಕೇಳಿದ ಮಾತು ಇದು. ಹೀಗೆ ಹೇಳಿದವರಲ್ಲಿ ಇಬ್ಬರು ಈಚೆಗೆ ಬಂದು ನನ್ನ ಅಪ್‌ಡೇಟ್ ಫೋಲ್ಡರನ್ನೇ ಕಾಪಿ ಮಾಡಿಕೊಂಡು ಹೋದರು. ಹಾಗಾಗಿ ಬರೆದಿಡೋಣ ಅನ್ನಿಸಿತು.

ನಾನು ನೋಡಿಕೊಳ್ಳುವ ಕಂಪ್ಯೂಟರ್‌ಗಳಲ್ಲಿ ಒಂದು ವಿಂಡೋಸ್ ಎಕ್ಸ್‌ಪಿ, ಕಟಿಂಗ್ ಮಷೀನಿಗೆ ಜೋಡಿಸಿರುವುದು. ಒಳಗೆ ಬೋರ್ಡಿಗೆ ಸಿಕ್ಕಿಸುವ ಒಂದು ಪಿಸಿಐ ಕಾರ್ಡ್ ಇದೆ. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಎಕ್ಸ್‌ಪಿ ದಾಟಿ ಮುಂದೆ ಬರಲೇ ಇಲ್ಲ. ಅಳತೆಯ ಉಪಕರಣಗಳಿಗೆ ಜೋಡಿಸಿರುವ ಆರೇಳು ವಿಂಡೋಸ್ 7 ಇವೆ, ಎಲ್ಲವೂ 32 ಬಿಟ್. “ಹೊಸದು ತಗೊಳ್ಳಿ” ಅನ್ನುವುದು ಸುಲಭ. ಕಟಿಂಗ್ ಮಷೀನಿಗೆ ಹೊಸ ಕಂಟ್ರೋಲರ್ ಹಾಕಿಸಲು ವಿಚಾರಿಸಿದಾಗ ಬಂದ ಕೊಟೇಶನ್, ಮಷೀನ್ ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ ಇತ್ತು. ಮಷೀನ್ ಇನ್ನೂ ಹತ್ತು ವರ್ಷ ಗಟ್ಟಿಯಾಗಿ ಓಡುತ್ತೆ. ವಿಂಡೋಸ್ ಹಳೆಯದಾಯಿತು ಅನ್ನುವ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಅನಧಿಕೃತ ಅಪ್‌ಡೇಟ್ ನಂಬಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಮೂರು ಪ್ರಶ್ನೆ. ಕೋಡ್ ಬರೆದವರು ಯಾರು? ಅದರ ಮೇಲೆ ಯಾರ ಡಿಜಿಟಲ್ ಸಹಿ ಇದೆ? ಬೇಡವೆಂದಾಗ ಪೂರ್ತಿ ತೆಗೆಯಲು ಬರುತ್ತಾ? ಈ ಮೂರಕ್ಕೂ ಉತ್ತರ ಸಿಕ್ಕರೆ ಮಾತ್ರ ಟೆಸ್ಟ್ ಮಷೀನಿಗೆ ಹಾಕುತ್ತೇನೆ.

ಇಂಥ ಪ್ಯಾಚ್‌ಗಳಲ್ಲಿ ನಾನು ನೋಡಿದ್ದು ನಾಲ್ಕು ಬಗೆ. ಮೊದಲನೆಯದು ಎಕ್ಸ್‌ಪಿ ಕಥೆ. ಅದಕ್ಕೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಆದರೆ ಬಿಲ್ಲಿಂಗ್ ಯಂತ್ರಗಳಿಗೆಂದು ಮಾಡಿದ ಪಿಒಎಸ್‌ರೆಡಿ 2009 ಇತ್ತಲ್ಲ, ಅದರ ಹೊಟ್ಟೆಯೊಳಗೆ ಇರುವುದೂ ಎಕ್ಸ್‌ಪಿಯೇ. ಅದಕ್ಕೆ 2019ರ ಏಪ್ರಿಲ್ 9ರವರೆಗೆ ಅಪ್‌ಡೇಟ್ ಬಂತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಕೀ ಸೇರಿಸಿದರೆ ಮಾಮೂಲಿ ಎಕ್ಸ್‌ಪಿ ಕೂಡ ಅದೇ ಅಪ್‌ಡೇಟ್ ಪಡೆಯುತ್ತಿತ್ತು. ಎಕ್ಸ್‌ಪಿಯಲ್ಲಿ ಪರೀಕ್ಷಿಸಿಲ್ಲ, ತೊಂದರೆ ಆದೀತು ಅಂತ ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ನಾನು ಹಾಕಿದೆ. ಕಾರಣ ಸರಳ: ಬರೆದದ್ದೂ ಸಹಿ ಹಾಕಿದ್ದೂ ಮೈಕ್ರೋಸಾಫ್ಟೇ. ಬಂದ ದಾರಿ ಮಾತ್ರ ಬೇರೆ.

ಐದು ವರ್ಷದಲ್ಲಿ ಒಂದೆರಡು ಅಪ್‌ಡೇಟ್ ತಕರಾರು ಮಾಡಿದವು, ಬದಿಗಿಟ್ಟೆ. ಉಳಿದವು ಸಲೀಸು. ಲಾಭ ಗೊತ್ತಾಗಿದ್ದು 2017ರಲ್ಲಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ದಾಳಿ ಬಂದದ್ದು ಮೇ 12ಕ್ಕೆ. ಮಾಮೂಲಿ ಎಕ್ಸ್‌ಪಿಗೆ ಅದರ ಪ್ಯಾಚ್ ಕೊಟ್ಟದ್ದು ಮರುದಿನ. ನನ್ನ ಯಂತ್ರದಲ್ಲಿ ಅದು ಮಾರ್ಚ್‌ನಿಂದಲೇ ಕೂತಿತ್ತು, ಪಿಒಎಸ್‌ರೆಡಿ ದಾರಿಯಲ್ಲಿ ಬಂದು. ಆ ವಾರ ಎಲ್ಲರೂ ಕೇಬಲ್ ಕಿತ್ತು ಕೂತಿದ್ದಾಗ ನಮ್ಮ ಕಟಿಂಗ್ ಮಷೀನ್ ಒಂದು ತಾಸೂ ನಿಲ್ಲಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಎರಡನೇ ಬಗೆ, ಯಾರೋ ಒಟ್ಟು ಮಾಡಿ ಕೊಡುವ ಪ್ಯಾಕ್‌ಗಳು. ನೂರಾರು ಅಪ್‌ಡೇಟ್ ಒಂದೇ ಐಎಸ್‌ಒ ಫೈಲಿನಲ್ಲಿ (ಇಡೀ ಡಿಸ್ಕನ್ನು ಒಂದೇ ಫೈಲ್ ಮಾಡಿದ್ದು), ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು. ಜನ ಇದನ್ನು ಕಣ್ಣು ಮುಚ್ಚಿ ನಂಬುತ್ತಾರೆ, ಮೂರನೆಯ ಬಗೆಯನ್ನು, ಅಂದರೆ ಹೊರಗಿನವರೇ ಕೋಡ್ ಬರೆದ ಪ್ಯಾಚನ್ನು, ಅನುಮಾನಿಸುತ್ತಾರೆ. ನನ್ನ ಅನುಭವ ಪೂರ್ತಿ ಉಲ್ಟಾ.

ಪ್ಯಾಕನ್ನು ನಾನು ಮೊದಲು ಬಿಚ್ಚುತ್ತೇನೆ, ಓಡಿಸುವುದಿಲ್ಲ. ಅಪ್‌ಡೇಟ್‌ಗಳನ್ನು ಡೌನ್‌ಲೋಡ್‌ಗೆ ಇಡುವ ಮೈಕ್ರೋಸಾಫ್ಟ್ ಕ್ಯಾಟಲಾಗ್‌ನ ಫೈಲ್ ಹೆಸರಿನ ಕೊನೆಯಲ್ಲಿ ಉದ್ದಕ್ಕೆ ಅಕ್ಷರ, ಅಂಕಿ ಇರುತ್ತವಲ್ಲ, ಅದು ಆ ಫೈಲಿನ ಎಸ್‌ಎಚ್‌ಎ-1 ಹ್ಯಾಶ್, ಒಂಥರಾ ಫೈಲಿನ ಬೆರಳಚ್ಚು. ಎಷ್ಟೋ ವರ್ಷ ಈ ಕೆಲಸ ಮಾಡಿದವರಿಗೂ ಇದು ಗೊತ್ತಿಲ್ಲ. ಹ್ಯಾಶ್ ಹೆಸರಿಗೆ ತಾಳೆಯಾಗಬೇಕು, ಆ ಹೆಸರು ಕ್ಯಾಟಲಾಗಿನಲ್ಲಿ ಇರಬೇಕು, ಸಹಿ ಪರೀಕ್ಷಿಸುವ ಸಿಗ್‌ಚೆಕ್ ಪ್ರೋಗ್ರಾಮ್ ಓಡಿಸಿದರೆ ಸಹಿ ಸರಿ ಬರಬೇಕು. ಈ ಮೂರನ್ನೂ ಒಂದೇ ಸಲಕ್ಕೆ ನೋಡುವ ಸಣ್ಣ ಬ್ಯಾಚ್ ಫೈಲ್ ಬರೆದುಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ. ಬರೆದುಕೊಳ್ಳಲು ಕೂತರೆ ನಿಮಗೂ ಒಂದು ಸಂಜೆ ಸಾಕು.

ಹೀಗೆ ಬಿಚ್ಚಿ ನೋಡಿದ ಪ್ಯಾಕ್‌ಗಳಲ್ಲಿ ಹೆಚ್ಚಿನವು ಚೊಕ್ಕವಾಗಿದ್ದವು. ಒಂದರಲ್ಲಿ ಮಾತ್ರ ಅಪ್‌ಡೇಟ್‌ಗಳೆಲ್ಲ ಅಸಲಿ, ಇನ್‌ಸ್ಟಾಲರ್‌ಗೆ ಸಹಿಯೇ ಇಲ್ಲ. ಟೆಸ್ಟ್ ಮಷೀನಿನಲ್ಲಿ ಓಡಿಸಿದೆ. ಮುಗಿದ ಮೇಲೆ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿ ತೆಗೆದರೆ ಹೆಸರೇ ಕೇಳಿರದ ಒಂದು ಸರ್ಟಿಫಿಕೇಟ್ ಸೇರಿಕೊಂಡಿತ್ತು. ಅದೊಂದು ಇದ್ದರೆ, ಅದರ ಒಡೆಯರು ಸಹಿ ಹಾಕಿಕೊಟ್ಟ ಯಾವ ನಕಲಿ ಸೈಟನ್ನೂ ಯಂತ್ರ ಅಸಲಿ ಅಂತ ಒಪ್ಪಿಕೊಳ್ಳುತ್ತೆ. ಆಂಟಿವೈರಸ್ ಚಕಾರ ಎತ್ತಲಿಲ್ಲ. ಅಂದಿನಿಂದ ಪ್ಯಾಚ್‌ಗೆ ಮುಂಚೆ ಒಂದು ಪಟ್ಟಿ, ನಂತರ ಒಂದು ಪಟ್ಟಿ ತೆಗೆಯುವುದು ಕಡ್ಡಾಯ ಮಾಡಿಕೊಂಡೆ: ಸರ್ಟಿಫಿಕೇಟ್, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್), ಷೆಡ್ಯೂಲ್ಡ್ ಟಾಸ್ಕ್ (ಹೊತ್ತಿಗೆ ತಾನಾಗಿ ಓಡುವ ಕೆಲಸ), ಹೋಸ್ಟ್ಸ್ ಫೈಲ್ (ಸೈಟ್‌ಗಳ ವಿಳಾಸ ಬರೆದಿಡುವುದು). ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಳ್ಳ ತಾನಾಗಿಯೇ ಕಾಣುತ್ತಾನೆ.

ವಿಂಡೋಸ್ 7 ಹೊಸದಾಗಿ ಹಾಕಿದಾಗ ಬಹಳ ಹೊತ್ತು ತಿಂದದ್ದು 80092004 ಎಂಬ ಎರರ್. ಯಾವ ಅಪ್‌ಡೇಟ್ ಕೊಟ್ಟರೂ ಅದೇ. ಫೈಲ್ ಹಾಳಾಗಿದೆ ಅಂತ ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂರುವವರನ್ನು ನೋಡಿದ್ದೇನೆ. ಹಾಳಾಗಿರುವುದು ಏನೂ ಇಲ್ಲ. 2019ರಿಂದ ಸಹಿ ಎಸ್‌ಎಚ್‌ಎ-2 ಎಂಬ ಹೊಸ ಬಗೆಗೆ ಬದಲಾಯಿತು, ಹಳೇ ವಿಂಡೋಸ್ 7ಗೆ ಅದನ್ನು ಓದಲು ಬರುವುದಿಲ್ಲ. ಕೆಬಿ4490628 ನಂಬರಿನ ಅಪ್‌ಡೇಟ್ ಮೊದಲು, ಕೆಬಿ4474419 ಆಮೇಲೆ, ನಡುವೆ ರೀಸ್ಟಾರ್ಟ್. ಮಿಕ್ಕವು ಅದಾದ ಮೇಲೆ. ಇನ್ನೊಂದು ಯಂತ್ರ 2018ರ ಮಾರ್ಚ್ ಅಪ್‌ಡೇಟ್ ಹಾಕಿದ ಕೂಡಲೇ ನೀಲಿ ಸ್ಕ್ರೀನ್ ತೋರಿಸಿ ಕೂತಿತು. ಅದರ ಹಳೇ ಪ್ರೊಸೆಸರ್‌ಗೆ ಎಸ್‌ಎಸ್‌ಇ2 ಎಂಬ ಇನ್‌ಸ್ಟ್ರಕ್ಷನ್‌ಗಳ ಗುಂಪು ಇರಲಿಲ್ಲ. ಅದಕ್ಕೆ ಯಾವ ಪ್ಯಾಚ್ ವಿದ್ಯೆಯೂ ನಡೆಯಲಿಲ್ಲ, ಬೋರ್ಡನ್ನೇ ಬದಲಿಸಿದೆ.

ಹಾಗಂತ ಅಧಿಕೃತ ಅಂದ ತಕ್ಷಣ ಕೈಮುಗಿಯಬೇಕಾಗಿಲ್ಲ. ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆಂದು 2018ರ ಜನವರಿಯಲ್ಲಿ 64 ಬಿಟ್ ವಿಂಡೋಸ್ 7ಗೆ ಬಂದ ಪ್ಯಾಚ್, ಯಾವ ಪ್ರೋಗ್ರಾಮ್ ಬೇಕಾದರೂ ಇಡೀ ಮೆಮೊರಿಯನ್ನು ಓದುವಂತೆ, ಬರೆಯುವಂತೆ ಬಾಗಿಲು ತೆಗೆದಿತ್ತು. ಉಲ್ಫ್ ಫ್ರಿಸ್ಕ್ ಎಂಬ ಸಂಶೋಧಕ ಅದನ್ನು ಪತ್ತೆ ಮಾಡಿದರು. ಭದ್ರತಾ ತೂತುಗಳ ಸಿವಿಇ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2018-1038 ಅಂತ ನಂಬರ್ ಬಿತ್ತು. ಮಾರ್ಚ್ ಕೊನೆಗೆ ಪೂರ್ತಿ ಸರಿ ಹೋಯಿತು. ನಮ್ಮವು 32 ಬಿಟ್ ಆದ್ದರಿಂದ ಬಚಾವಾದವು. ಅದಕ್ಕೇ ನನ್ನ ಪಟ್ಟಿ ನೋಡುವ ಕ್ರಮ ಎಲ್ಲ ಪ್ಯಾಚ್‌ಗೂ ಒಂದೇ. ಯಾರ ಹೆಸರಿದ್ದರೂ ಮೊದಲು ಟೆಸ್ಟ್ ಮಷೀನ್.

ಮೂರನೇ ಬಗೆಗೇ ಜಾಸ್ತಿ ಜಗಳ. ಕೋಡನ್ನೇ ಹೊರಗಿನವರು ಬರೆದ ಪ್ಯಾಚ್. ಇದು ಹೊಸ ವಿಷಯ ಏನಲ್ಲ. 2005ರ ಕೊನೆಗೆ ವಿಂಡೋಸ್‌ನ ಡಬ್ಲ್ಯುಎಂಎಫ್ ಬಗೆಯ ಚಿತ್ರಗಳ ಮೂಲಕ ದಾಳಿ ಶುರುವಾದಾಗ, ಪ್ರೋಗ್ರಾಮ್‌ಗಳನ್ನು ಬಿಚ್ಚಿ ಓದುವ ಐಡಿಎ ಪ್ರೊ ಬರೆದ ಇಲ್ಫಾಕ್ ಗಿಲ್ಫಾನೋವ್ ವರ್ಷದ ಕೊನೆಯ ದಿನ ತಾವೇ ಒಂದು ಪ್ಯಾಚ್ ಬಿಟ್ಟರು. ಭದ್ರತಾ ತರಬೇತಿ ಸಂಸ್ಥೆ ಸ್ಯಾನ್ಸ್‌ನವರು ಅದನ್ನು ಬಿಚ್ಚಿ ನೋಡಿ, ಹಾಕಿಕೊಳ್ಳಿ ಅಂದರು. ಮೈಕ್ರೋಸಾಫ್ಟ್ ಪ್ಯಾಚ್ ಬಂದದ್ದು 2006ರ ಜನವರಿ 5ಕ್ಕೆ. ಆ ಕೆಲವು ದಿನ ಕಾಪಾಡಿದ್ದು ಹೊರಗಿನವರ ಕೋಡೇ ಅಲ್ವಾ?

ನಾನು ವಿಂಡೋಸ್ 7ಗಳಿಗೆ ಹಾಕಿರುವುದು ಸ್ಲೊವೇನಿಯಾದ ಆಕ್ರೋಸ್ ಸೆಕ್ಯುರಿಟಿಯವರ ಜೀರೋಪ್ಯಾಚ್. ಅದು ಡಿಸ್ಕ್‌ನಲ್ಲಿರುವ ವಿಂಡೋಸ್ ಫೈಲನ್ನು ಮುಟ್ಟುವುದಿಲ್ಲ. ಪ್ರೋಗ್ರಾಮ್ ಓಡುವಾಗ ಮೆಮೊರಿಯಲ್ಲಿ ಮಾತ್ರ ತಪ್ಪಿರುವ ಜಾಗದ ಕೆಲವೇ ಇನ್‌ಸ್ಟ್ರಕ್ಷನ್ ತಿದ್ದುತ್ತೆ. ರೀಸ್ಟಾರ್ಟ್ ಬೇಡ. ಬೇಡವೆಂದರೆ ಆಫ್ ಮಾಡಿದರಾಯಿತು, ಗುರುತೂ ಉಳಿಯುವುದಿಲ್ಲ. ನನ್ನ ಮೂರನೇ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ಬೇರೆ ಯಾವುದೂ ಕೊಟ್ಟಿಲ್ಲ. ಒಂದು ವಿಷಯ ನೆನಪಿಡಿ. ಫೈಲಿನ ಆವೃತ್ತಿ ಅವರು ಹೇಳಿದ್ದೇ ಇರಬೇಕು, ಇಲ್ಲದಿದ್ದರೆ ಪ್ಯಾಚ್ ಕೂರುವುದೇ ಇಲ್ಲ. ಅಧಿಕೃತ ಅಪ್‌ಡೇಟ್ ಅರ್ಧಂಬರ್ಧ ಹಾಕಿದ ಯಂತ್ರಕ್ಕೆ ಏಜೆಂಟ್ (ಪ್ಯಾಚ್ ಕೂರಿಸುವ ಅವರ ಪ್ರೋಗ್ರಾಮ್) ಹಾಕಿ, ಏನೂ ಕೆಲಸ ಮಾಡ್ತಿಲ್ಲ ಅನ್ನುವವರಿಗೆ ಆಗಿರುವುದು ಇದೇ.

ನಿಜಕ್ಕೂ ತಡೆಯುತ್ತಾ ಅಂತ ನೋಡಲು ಹಳೇ ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಗಣಿತದ ಸಮೀಕರಣ ಬರೆಯುವ ಈಕ್ವೇಷನ್ ಎಡಿಟರ್ ಹಿಡಿದೆ. 2000ದಲ್ಲಿ ಕಂಪೈಲ್ ಆದ ಪ್ರೋಗ್ರಾಮ್ ಅದು. 2017ರಲ್ಲಿ ಅದರ ತೂತು ಹೊರಬಂತು, ಸಿವಿಇ-2017-11882. ಮೈಕ್ರೋಸಾಫ್ಟ್ ಒಮ್ಮೆ ತೇಪೆ ಹಾಕಿತು, 2018ರ ಜನವರಿಯಲ್ಲಿ ಎಡಿಟರನ್ನೇ ತೆಗೆದುಹಾಕಿತು. ಅದನ್ನು ಉಳಿಸಿಕೊಳ್ಳಲು ಬಯಸುವವರಿಗೆ ಜೀರೋಪ್ಯಾಚ್‌ನವರು ಪ್ಯಾಚ್ ಕೊಟ್ಟರು. ಆ ತೂತಿನ ಮೂಲಕ ಕ್ಯಾಲ್ಕ್ಯುಲೇಟರ್ ತೆರೆಯುವ ಪರೀಕ್ಷಾ ಫೈಲನ್ನು ನೆಟ್‌ವರ್ಕ್ ಇಲ್ಲದ ಟೆಸ್ಟ್ ಮಷೀನಿನಲ್ಲಿ ತೆರೆದೆ. ಏಜೆಂಟ್ ಆಫ್ ಇದ್ದಾಗ ಕ್ಯಾಲ್ಕ್ಯುಲೇಟರ್ ಬಂತು. ಆನ್ ಮಾಡಿದೆ, ಬರಲಿಲ್ಲ. ಮತ್ತೆ ಆಫ್, ಮತ್ತೆ ಬಂತು. ಅನುಮಾನ ಇದ್ದವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೇ ತೋರಿಸಿದೆ.

ಅಷ್ಟಾದರೂ ಆಡಿಟ್‌ಗೆ ಬಂದವರ, ತೂತು ಹುಡುಕುವ ಸ್ಕ್ಯಾನರ್ ಕೆಂಪು ತೋರಿಸಿತು. ಅದು ನೋಡುವುದು ಫೈಲಿನ ಆವೃತ್ತಿಯನ್ನು. ಇಲ್ಲಿ ಫೈಲ್ ಬದಲಾಗುವುದೇ ಇಲ್ಲವಲ್ಲ. ಏಜೆಂಟ್‌ನ ಲಾಗ್ ತೆಗೆದು, ಯಾವ ಸಿವಿಇಗೆ ಯಾವ ಪ್ಯಾಚ್ ಅಂತ ಎದುರೆದುರು ಬರೆದು ಕೊಟ್ಟೆ. ಒಪ್ಪಿಕೊಳ್ಳಲು ಸುಮಾರು ಎರಡು ತಿಂಗಳು ಹಿಡಿಯಿತು, ಒಪ್ಪಿಕೊಂಡರು. ಈ ಕಾಗದದ ಕೆಲಸಕ್ಕೂ ಸಮಯ ಇಟ್ಟುಕೊಳ್ಳಿ.

ಇನ್ನು ದುಡ್ಡು. ವಿಂಡೋಸ್ 7 ಪ್ರೊಗೆ ಮೈಕ್ರೋಸಾಫ್ಟ್‌ನ ಇಎಸ್‌ಯು (ಬೆಂಬಲ ಮುಗಿದ ಮೇಲೆ ದುಡ್ಡು ಕೊಟ್ಟು ಪಡೆಯುವ ಅಪ್‌ಡೇಟ್) ಮೊದಲ ವರ್ಷ 50 ಡಾಲರ್, ಎರಡನೇ ವರ್ಷ 100, ಮೂರನೇ ವರ್ಷ 200 ಇತ್ತು. ಅಂದರೆ ಒಂದು ಯಂತ್ರಕ್ಕೆ ಮೂರು ವರ್ಷಕ್ಕೆ 350. ಎರಡನೇ ವರ್ಷದಿಂದ ಸೇರುತ್ತೇನೆ ಅಂದರೂ ಮೊದಲ ವರ್ಷದ್ದು ಕಟ್ಟಲೇಬೇಕು. ಅದೂ 2023ರ ಜನವರಿಗೆ ಮುಗಿಯಿತು. ಜೀರೋಪ್ಯಾಚ್ ಪ್ರೊ ನನ್ನ ನೆನಪಿನಂತೆ ಯಂತ್ರಕ್ಕೆ ವರ್ಷಕ್ಕೆ 25 ಯೂರೋ ಆಸುಪಾಸು. ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಕಾರ್ಡ್ ಹಾಕಿದ ಟೆಸ್ಟ್ ಮಷೀನ್ ಒಂದು ಬೇಕು. ವರ್ಚುವಲ್ ಮಷೀನಿನಲ್ಲಿ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಹಳೇ ಪಿಸಿಐ ಕಾರ್ಡ್ ಪರೀಕ್ಷೆ ಮಾಡುವುದು ಕಷ್ಟ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕಿ ಕೊಂಡದ್ದೇ ನನ್ನ ದೊಡ್ಡ ಖರ್ಚು. ಅದೆಲ್ಲ ಸೇರಿಸಿದರೂ ಕಟಿಂಗ್ ಮಷೀನಿನ ಆ ಕೊಟೇಶನ್‌ನ ಇಪ್ಪತ್ತನೇ ಒಂದು ಪಾಲು ಆಗಿರಲಿಕ್ಕಿಲ್ಲ.

ಇಎಸ್‌ಯು ಲೈಸೆನ್ಸ್ ಇಲ್ಲದೆಯೇ ಆ ಅಪ್‌ಡೇಟ್ ಹಾಕಿಸುವ ಬೈಪಾಸ್‌ಗಳಿವೆ. ಅಪ್‌ಡೇಟ್ ಅಸಲಿಯೇ, ಆದರೆ ಲೈಸೆನ್ಸ್ ತಪ್ಪಿಸಿದ ಹಾಗಾಯಿತು. ಕೆಲಸದ ಯಂತ್ರಕ್ಕೆ ನಾನು ಅದನ್ನು ಹಾಕುವುದಿಲ್ಲ.

ನಾಲ್ಕನೇ ಬಗೆ, ಎಕ್ಸ್‌ಟೆಂಡೆಡ್ ಕರ್ನಲ್. ಹಳೇ ವಿಂಡೋಸ್‌ನಲ್ಲಿ ಹೊಸ ಬ್ರೌಸರ್ ಓಡಿಸಲು ಕರ್ನಲ್32ನಂಥ ವಿಂಡೋಸ್‌ನ ಮೂಲ ಫೈಲ್‌ಗಳನ್ನೇ ಬದಲಿಸುವುದು. ಆಸೆಗೆ ಟೆಸ್ಟ್ ಮಷೀನಿನಲ್ಲಿ ಹಾಕಿದೆ. ಬ್ರೌಸರ್ ಓಡಿತು, ಖುಷಿಯಾಯಿತು. ಅಳತೆಯ ಸಾಫ್ಟ್‌ವೇರ್ ಮಾತ್ರ ಏಳಲಿಲ್ಲ. ಸಿಸ್ಟಮ್ ಫೈಲ್‌ಗಳ ಮೇಲೆ ಮೈಕ್ರೋಸಾಫ್ಟ್ ಸಹಿ ಇಲ್ಲವಾದ ಮೇಲೆ, ನಾಳೆ ಯಾವುದಾದರೂ ವೈರಸ್ ಅದೇ ಫೈಲನ್ನು ಬದಲಿಸಿದರೆ ಪತ್ತೆ ಹಚ್ಚುವುದಾದರೂ ಹೇಗೆ? ಮೂರು ಪ್ರಶ್ನೆಯಲ್ಲೂ ಫೇಲ್. ಮೊದಲೇ ತೆಗೆದಿಟ್ಟಿದ್ದ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು) ವಾಪಸ್ ಹಾಕಿದೆ.

ಇದೇ ಹುಚ್ಚಿನಲ್ಲಿ ಹಳೇ ಫೋನೊಂದಕ್ಕೆ ಹೊರಗಿನವರು ಕಟ್ಟಿದ ಆಂಡ್ರಾಯ್ಡ್ ಆದ ಲೀನಿಯೇಜ್ ಒಎಸ್ ಕೂಡ ಹಾಕಿ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಪ್ಯಾಚ್ ದಿನಾಂಕ ತಾಜಾ. ಅದರ ಕೆಳಗಿನ ವೆಂಡರ್ ಪ್ಯಾಚ್ ದಿನಾಂಕ ವರ್ಷಗಳಷ್ಟು ಹಳೆಯದು. ಮೋಡೆಮ್, ಜಿಪಿಯು ಡ್ರೈವರ್‌ಗಳ ಕೋಡ್ ಫೋನ್ ಕಂಪನಿ, ಚಿಪ್ ಕಂಪನಿಗಳ ಕೈಯಲ್ಲಿದೆ, ಹೊರಗಿನವರು ತಿದ್ದಲಾರರು. ಹಾಡು ಕೇಳಲು ಇಟ್ಟುಕೊಂಡಿದ್ದೇನೆ, ಬ್ಯಾಂಕ್ ಆ್ಯಪ್ ಹಾಕಿಲ್ಲ.

ಎಕ್ಸ್‌ಪಿ ಕಡೆ 2019ರ ನಂತರ ಪ್ಯಾಚ್ ನಂಬಿ ಕೂತಿಲ್ಲ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ಅದಕ್ಕೆ ಎಸ್‌ಎಂಬಿ1 ಎಂಬ ಹಳೇ ಭಾಷೆ ಬಿಟ್ಟು ಬೇರೆ ಬರುವುದಿಲ್ಲ. ಹಾಗಾಗಿ ನಡುವೆ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ಇಟ್ಟೆ, ಎರಡು ನೆಟ್‌ವರ್ಕ್ ಕಾರ್ಡ್. ಎಕ್ಸ್‌ಪಿ ಬದಿಗೆ ಮಾತ್ರ ಹಳೇ ಭಾಷೆ, ಆಫೀಸ್ ಬದಿಗೆ ಹೊಸದು. ಲಿನಕ್ಸ್‌ನಲ್ಲಿ ಈ ಭಾಷೆ ಆಡುವ ಪ್ರೋಗ್ರಾಮ್ ಸಾಂಬಾ. ಈಗಿನ ಸಾಂಬಾದಲ್ಲಿ ಎಸ್‌ಎಂಬಿ1 ಆಫ್ ಆಗಿಯೇ ಬರುತ್ತೆ, ಆನ್ ಮಾಡಿಕೊಳ್ಳಬೇಕು. ಒಂದೇ ಸಾಂಬಾದಲ್ಲಿ ಎರಡು ಬದಿಗೆ ಎರಡು ನಿಯಮ ಕೂರುವುದಿಲ್ಲ. ಅದನ್ನು ನಾನು ಕೂರಿಸಿದ ಬಗೆ ನನ್ನಲ್ಲೇ ಇರಲಿ. ಎಕ್ಸ್‌ಪಿಯಿಂದ ಇಂಟರ್‌ನೆಟ್‌ಗೆ ದಾರಿಯೇ ಇಲ್ಲ. ವಿಂಡೋಸ್ 7ಗಳಲ್ಲಿ ಎಸ್‌ಎಂಬಿ1 ತೆಗೆದಿದ್ದೇನೆ, ದೂರದಿಂದ ಯಂತ್ರ ನಡೆಸುವ ಆರ್‌ಡಿಪಿ ಮುಚ್ಚಿದ್ದೇನೆ, ಏಜೆಂಟ್ ತನ್ನ ಸರ್ವರ್ ಬಿಟ್ಟು ಬೇರೆಲ್ಲಿಗೂ ಹೋಗದಂತೆ ಪ್ರಾಕ್ಸಿ ಕಟ್ಟಿದ್ದೇನೆ.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ನಿಂತಿತು. ಸಂಸ್ಥೆಗಳಿಗೆ ಇಎಸ್‌ಯು ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ಜೀರೋಪ್ಯಾಚ್‌ನವರು ಕನಿಷ್ಠ ಐದು ವರ್ಷ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಜನ ದಿನವಿಡೀ ಮೇಲ್, ಬ್ರೌಸರ್ ಬಳಸುವ ಯಂತ್ರಗಳಿಗೆ ಒಂದು ವರ್ಷದ ಇಎಸ್‌ಯು ಕಟ್ಟಿಸಿ, ಅಷ್ಟರಲ್ಲಿ ಬದಲಿಸಲು ಹೇಳಿದ್ದೇನೆ. ಉಪಕರಣಕ್ಕೆ ಕಟ್ಟಿಹಾಕಿದ ಎರಡನ್ನು ಮಾತ್ರ ಕೊನೆಯ ಅಧಿಕೃತ ಅಪ್‌ಡೇಟ್‌ವರೆಗೆ ತಂದು, ಇಮೇಜ್ ತೆಗೆದಿಟ್ಟು, ಏಜೆಂಟ್ ಹಾಕಿದ್ದೇನೆ.