ದಾವಣಗೆರೆ ಕೋರ್ಟಿನಲ್ಲಿ ಹೊರದೇಶದ ಕಾನೂನನ್ನು ಸಾಬೀತು ಮಾಡುವುದು ಹೇಗೆ

ಅಳಿಯ ಅಮೆರಿಕದಲ್ಲಿ ಪಡೆದ ಡೈವೋರ್ಸ್ ಡಿಕ್ರಿ ದಾವಣಗೆರೆಯ ಕೋರ್ಟಿಗೆ ಬಂದಾಗ ಕಕ್ಷಿದಾರರು ಕೇಳುವುದು ಒಂದೇ: "ಅಲ್ಲಿನ ಕಾನೂನು ಸಾಹೇಬ್ರಿಗೆ ಗೊತ್ತಿರಲ್ವಾ?" ಗೊತ್ತಿದ್ದರೂ ಲೆಕ್ಕಕ್ಕಿಲ್ಲ. ಭಾರತದ ಕಾನೂನನ್ನು ಕೋರ್ಟ್ ತಾನಾಗಿ ಗಮನಿಸುತ್ತದೆ. ಹೊರದೇಶದ್ದನ್ನು ಸಾಲದ ಪತ್ರದಂತೆ ಸಾಕ್ಷ್ಯ ಕೊಟ್ಟೇ ಸಾಬೀತು ಮಾಡಬೇಕು. 1968ರ ಲಂಡನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೋರ್ಟೇ ಇನ್ನೊಂದು ದೇಶಕ್ಕೆ ಬರೆದು ಕಾನೂನಿನ ಮಾಹಿತಿ ತರಿಸಿಕೊಳ್ಳಬಹುದು. ಭಾರತ ಅದರಲ್ಲಿಲ್ಲ, ಹೊರೆ ನಿಮ್ಮ ತಲೆಗೇ.

ಮೊದಲು ವಾದಪತ್ರದಲ್ಲೇ ಬರೆಯಿಸಿ: ಯಾವ ದೇಶ (ಅಮೆರಿಕವಾದರೆ ಯಾವ ರಾಜ್ಯ), ಯಾವ ಕಾಯ್ದೆ, ಯಾವ ಕಲಂ, ಅದರಿಂದ ಏನಾಗುತ್ತದೆ. ಹೆಚ್ಚಿನ ಕೇಸು ಮುಗ್ಗರಿಸುವುದು ಇಲ್ಲೇ. 2001ರಲ್ಲಿ ಇಟಲಿಯ ಕಾನೂನಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಕಾಯ್ದೆಯ ಪಠ್ಯ ಅಲ್ಲಿನ ಸರ್ಕಾರವೇ ಪ್ರಕಟಿಸಿದ್ದಾಗಿರಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 32ನೇ ಕಲಂ ಡಿಜಿಟಲ್ ರೂಪವನ್ನೂ ಒಪ್ಪುತ್ತದೆ. ಪ್ರಿಂಟ್‌ಔಟ್ ಹಾಜರುಪಡಿಸುವುದಾದರೆ ಅದೇ ಅಧಿನಿಯಮದ 63(4)ನೇ ಕಲಮಿನಡಿ ಡಿಜಿಟಲ್ ದಾಖಲೆಗೆ ಕೊಡುವ ಪ್ರಮಾಣಪತ್ರದ ಎ, ಬಿ ಎರಡೂ ಭಾಗ ಜೊತೆಗಿರಲಿ. 2012ರ ಮದುವೆಗೆ ಇವತ್ತಿನ ತಿದ್ದುಪಡಿಯಾದ ಕಲಂ ತಂದರೆ ಪ್ರಯೋಜನವಿಲ್ಲ. ಆ ದಿನ ಜಾರಿಯಲ್ಲಿದ್ದದ್ದೇ ಬೇಕು.

ಕಲಮಿನ ಅರ್ಥದ ಬಗ್ಗೆ ಜಗಳವಿದ್ದರೆ ಅಲ್ಲಿ ವಕಾಲತ್ತು ಮಾಡುವವರೊಬ್ಬರನ್ನು ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ತಜ್ಞ ಸಾಕ್ಷಿ ಮಾಡಿ. ಅಫಿಡವಿಟ್‌ನಲ್ಲಿ ಅವರ ಅರ್ಹತೆ, ನೀವು ಕೇಳಿದ ಪ್ರಶ್ನೆಗಳು, ಉತ್ತರ, ಆಧಾರವಾದ ತೀರ್ಪುಗಳ ಪ್ರತಿ ಇರಬೇಕು. "ನನ್ನ ಅಭಿಪ್ರಾಯದಲ್ಲಿ ಡಿಕ್ರಿ ಸಿಂಧು" ಎಂಬ ಒಂದು ಸಾಲಿನ ಪತ್ರ ಪಾಟೀಸವಾಲಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಅವರು ದಾವಣಗೆರೆಗೆ ಬರಬೇಕಿಲ್ಲ. ಕೋರ್ಟಿನ ಅನುಮತಿ ಪಡೆದು ವಿಡಿಯೋ ಕಾನ್ಫರೆನ್ಸ್‌ನಲ್ಲಿ ಸಾಕ್ಷ್ಯ ಕೊಡಿಸಬಹುದು.

ಡಿಕ್ರಿಯ ಜೆರಾಕ್ಸ್ ನಡೆಯದು. ಅಮೆರಿಕದ ಮಿಸೌರಿ ರಾಜ್ಯದ ಡೈವೋರ್ಸ್ ಡಿಕ್ರಿಯ ಪ್ರಕರಣದಲ್ಲಿ 1991ರಲ್ಲೇ ಅದು ಇತ್ಯರ್ಥವಾಗಿದೆ. ದೃಢೀಕೃತ ನಕಲಿಗೆ ಅಪಾಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪುವ ದೃಢೀಕರಣದ ಚೌಕ) ಹಾಕಿಸಿ. ಭಾರತದಲ್ಲಿ ಅಪಾಸ್ಟಿಲ್ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಹತ್ತು ಅಂಶಗಳ ಆ ಚೌಕ ಸಹಿ, ಹುದ್ದೆ, ಮೊಹರು ಅಸಲಿ ಎನ್ನುತ್ತದೆ, ಒಳಗಿನ ವಿಷಯ ನಿಜ ಎನ್ನುವುದಿಲ್ಲ. ಅಲ್ಲಿನ ನೋಟರಿ ಸಹಿ ಮಾಡಿದ ಜೆರಾಕ್ಸ್ ಮೇಲೆ ಅದನ್ನು ಹಾಕಿಸಿದರೆ ರುಜುವಾಗುವುದು ನೋಟರಿಯ ಸಹಿ ಮಾತ್ರ. ಎದುರಿನವರು ತಕರಾರು ಎತ್ತುವಂತಿದ್ದರೆ ಹೊರದೇಶದ ಕೋರ್ಟ್ ದಾಖಲೆಗಳ ದೃಢೀಕೃತ ನಕಲಿನ ಬಗ್ಗೆ ಹೇಳುವ ಸಾಕ್ಷ್ಯ ಅಧಿನಿಯಮದ 88ನೇ ಕಲಂ ನೋಡಿಕೊಂಡು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣವನ್ನೂ ಮಾಡಿಸುವುದೇ ಕ್ಷೇಮ. ಅಪಾಸ್ಟಿಲ್ ಒಪ್ಪಂದಕ್ಕೆ ಸೇರದ ದೇಶವಾದರೆ ಅದೇ ಮುಖ್ಯ ದಾರಿ.

ಕಾಗದ ಕೈಗೆ ಬಂದ ಮೇಲೆ ನಕಲು ತೆಗೆಸುವ ನೆಪದಲ್ಲಿ ಪಿನ್ನು, ರಿಬ್ಬನ್ ಬಿಚ್ಚಬೇಡಿ. ಹಾಳೆ ಬೇರೆಯಾದರೆ ಕೋರ್ಟಿನಲ್ಲಿ ಅದನ್ನು ಸಾಕ್ಷ್ಯವಾಗಿ ಮಾರ್ಕ್ ಮಾಡುವಾಗಲೇ ಆಕ್ಷೇಪಣೆ ಬರುತ್ತದೆ.