ಫೋನಿನಲ್ಲೇ ಒಳ್ಳೆ ವಿಡಿಯೊ: ಮೊದಲು ಸದ್ದು ಸರಿಮಾಡಿ

ಯೂಟ್ಯೂಬ್ ಚಾನೆಲ್ ಶುರು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ಸದ್ಯಕ್ಕೆ ಯಾವುದೂ ಬೇಡ. ಈಗಿನ ಮಧ್ಯಮ ಬೆಲೆಯ ಫೋನಿನ ಕ್ಯಾಮೆರಾವೇ ಸಾಕು. ಮಾತು ಸರಿಯಾಗಿ ಕೇಳಿಸದಿದ್ದರೆ, ಒಂದೇ ದೃಶ್ಯ ಕದಲದೆ ನಿಂತಿದ್ದರೆ ನೋಡುವವರು ಬೇಸತ್ತು ಎದ್ದು ಹೋಗುತ್ತಾರೆ. ಈ ಎರಡನ್ನೂ ಹೆಚ್ಚು ದುಡ್ಡಿಲ್ಲದೆ ಸರಿಮಾಡಬಹುದು.

ಜೋಳದ ರೊಟ್ಟಿ ಮಾಡುವ ಐದು ನಿಮಿಷದ ವಿಡಿಯೊವನ್ನೇ ತೆಗೆದುಕೊಳ್ಳೋಣ. ಬೇಕಾಗುವುದು ಒಂದು ಫೋನ್, ಸಣ್ಣ ಟ್ರೈಪಾಡ್, ಒಂದು ಕಾಲರ್ ಮೈಕ್.

1. ಶಾಟ್‌ಗಳ ಪಟ್ಟಿ ಬರೆಯಿರಿ

ಎಡಿಟಿಂಗ್ ಶುರುವಾಗುವುದು ಕಾಗದದ ಮೇಲೆ. ನೀರು ಕುದಿಯುವುದು, ಹಿಟ್ಟಿಗೆ ಬಿಸಿನೀರು ಹಾಕುವುದು, ನಾದುವುದು, ಬಡಿಯುವುದು, ಹಂಚಿಗೆ ಹಾಕುವುದು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು, ತಿರುವಿ ಹಾಕುವುದು, ಉಬ್ಬುವುದು. ಹೀಗೆ ಎಲ್ಲವನ್ನೂ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ದೂರದ ಶಾಟೋ, ಹತ್ತಿರದ ಶಾಟೋ ಗುರುತು ಹಾಕಿಕೊಳ್ಳಿ.

ರೊಟ್ಟಿಯಲ್ಲಿ ಒಂದು ಅನುಕೂಲ ಇದೆ. ಯಾರೂ ಒಂದೇ ರೊಟ್ಟಿ ಮಾಡಿ ಒಲೆ ಆರಿಸುವುದಿಲ್ಲ. ಮೊದಲನೆಯದನ್ನು ದೂರದಿಂದ ತೆಗೆಯಿರಿ. ಎರಡನೆಯದಕ್ಕೆ ಬರೀ ಕೈಗಳು. ಮೂರನೆಯದಕ್ಕೆ ಬರೀ ಹಂಚು. ಮೂರನ್ನೂ ಜೋಡಿಸಿದಾಗ ಮೂರು ಕ್ಯಾಮೆರಾ ಇಟ್ಟು ತೆಗೆದ ಹಾಗೆ ಕಾಣುತ್ತದೆ. ಕುಂಬಾರಿಕೆ, ಹೊಲಿಗೆ, ಹೂ ಕಟ್ಟುವುದು, ಹೀಗೆ ಒಂದೇ ಕೆಲಸ ಮತ್ತೆ ಮತ್ತೆ ನಡೆಯುವ ಕಡೆಯೆಲ್ಲ ಇದೇ ಉಪಾಯ ನಡೆಯುತ್ತದೆ.

ಎರಡು ಎಚ್ಚರಿಕೆ. ಪ್ರತಿ ಶಾಟ್‌ನ ಹಿಂದೆ ಮುಂದೆ ಐದೈದು ಸೆಕೆಂಡ್ ಜಾಸ್ತಿ ತೆಗೆಯಿರಿ, ಕತ್ತರಿಸುವಾಗ ಅದು ಕೈ ಹಿಡಿಯುತ್ತದೆ. ಇನ್ನೊಂದು, ರೊಟ್ಟಿ ಮಾಡುವವರಿಗೂ ಒಲೆಗೂ ನಡುವೆ ಒಂದು ಗೆರೆ ಇದೆ ಅಂದುಕೊಂಡು, ಫೋನನ್ನು ಯಾವಾಗಲೂ ಆ ಗೆರೆಯ ಒಂದೇ ಬದಿಯಲ್ಲಿಡಿ. ದಾಟಿದರೆ ಎಡಕ್ಕಿದ್ದ ಒಲೆ ಇದ್ದಕ್ಕಿದ್ದಂತೆ ಬಲಕ್ಕೆ ಬಂದು ನೋಡುವವರಿಗೆ ಗೊಂದಲವಾಗುತ್ತದೆ.

2. ಸದ್ದು

ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಮೊದಲು ಫ್ಯಾನ್, ಟಿವಿ ಆರಿಸಿ. ಸಾಧ್ಯವಾದರೆ ಫ್ರಿಜ್ ಕೂಡ, ಮುಗಿದ ಮೇಲೆ ಮರೆಯದೆ ಹಾಕಿ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಬಾಯಿಗೂ ಮೈಕಿಗೂ ನಡುವಿನ ಅಂತರ ಎರಡು ಪಟ್ಟಾದರೆ ದನಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯುತ್ತದೆ. ಆದರೆ ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಫೋನನ್ನು ದೂರ ಇಟ್ಟು ಅದರದೇ ಮೈಕಿನಲ್ಲಿ ಮಾತು ಹಿಡಿದಾಗ ಬಾವಿಯೊಳಗಿಂದ ಮಾತಾಡಿದಂತೆ ಕೇಳಿಸುವುದು ಇದಕ್ಕೇ.

ಟೈಲ್ಸ್ ಇರುವ ಅಡುಗೆಮನೆಯಲ್ಲಿ ಪ್ರತಿಧ್ವನಿ ಇನ್ನೂ ಜಾಸ್ತಿ. ಕ್ಯಾಮೆರಾದ ಹಿಂದೆ, ಒಲೆಯಿಂದ ದೂರದಲ್ಲಿ, ದಪ್ಪ ಕಂಬಳಿಯೋ ಕೌದಿಯೋ ತೂಗುಹಾಕಿ. ವ್ಯತ್ಯಾಸ ತಕ್ಷಣ ಕಿವಿಗೆ ಬೀಳುತ್ತದೆ. ರೆಕಾರ್ಡ್ ಮಾಡುವಾಗ ಮೀಟರಿನಲ್ಲಿ ದನಿಯ ಮಟ್ಟ ಮೈನಸ್ 12 ಡಿಬಿ ಆಸುಪಾಸಿನಲ್ಲಿರಲಿ (ಅಲ್ಲಿ ಸೊನ್ನೆಯೇ ಗರಿಷ್ಠ). ಕೆಂಪು ಮುಟ್ಟಿ ಒಡೆದ ದನಿಯನ್ನು ಆಮೇಲೆ ಪೂರ್ತಿ ಸರಿಮಾಡಲು ಬರುವುದಿಲ್ಲ.

ರೊಟ್ಟಿ ಬಡಿಯುವ ಸದ್ದನ್ನು ಮಾತಿನ ಜೊತೆ ಹಿಡಿಯಬೇಡಿ. ಮಾತಿಗೆ ಹೊಂದಿಸಿದ ಮಟ್ಟಕ್ಕೆ ಅದು ತುಂಬಾ ಜೋರಾಗುತ್ತದೆ. ಒಂದು ರೊಟ್ಟಿಯನ್ನು ಸುಮ್ನೆ, ಮಾತಿಲ್ಲದೆ ಬಡಿಯಿರಿ. ಮೈಕ್ ಹಲಗೆಯ ಹತ್ತಿರವಿಟ್ಟು ಮಟ್ಟ ಇಳಿಸಿ ಹಿಡಿಯಿರಿ. ಕೈಬಳೆಯ ಸದ್ದೂ ಬರಲಿ. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ಅಡುಗೆಮನೆಯ ಸದ್ದನ್ನು ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಕಡೆ ಕೆಳಗೆ ಅದನ್ನು ಹಾಸಿದರೆ ಕತ್ತರಿಸಿದ್ದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಮೈಕ್ ಮುಂದೆ ಬಂದ ಕೂಡಲೇ ಎಷ್ಟೋ ಜನ ಟಿವಿ ವಾರ್ತೆಯ ಕನ್ನಡಕ್ಕೆ ಹೊರಳಿಬಿಡುತ್ತಾರೆ. ದಯವಿಟ್ಟು ಬೇಡ. ನೀವು ವಿಜಯಪುರದವರಾದರೆ ವಿಜಯಪುರದ ಮಾತೇ ಇರಲಿ, ಕುಂದಾಪುರದವರಾದರೆ ಕುಂದಾಪುರದ್ದು. ಆ ದನಿ ನಿಮ್ಮ ಚಾನೆಲ್‌ನಲ್ಲಿ ಮಾತ್ರ ಸಿಗುತ್ತದೆ, ಅಲ್ವಾ?

3. ಬೆಳಕು, ಸೆಟ್ಟಿಂಗ್

ಕಿಟಕಿ ಪಕ್ಕದಿಂದ ಬರುವ ಹಗಲು ಬೆಳಕು ಎಲ್ಲಕ್ಕಿಂತ ಚೆನ್ನ. ಕಿಟಕಿ ಬೆನ್ನ ಹಿಂದೆ ಇರಬಾರದು. ದೀಪ ಹಾಕಲೇಬೇಕಾದರೆ ಒಂದು ವಿಷಯ ಗೊತ್ತಿರಲಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವಿಡಿಯೊದಲ್ಲಿ ಕಾಣುವ ಪಟ್ಟೆಗಳು ಅದರಿಂದಲೇ. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ಪರದೆಯನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಹಿಟ್ಟು, ಹಬೆ ಲೆನ್ಸಿಗೆ ಕೂರುತ್ತವೆ, ಆಗಾಗ ಒರೆಸಿ. ಫೋನಿನಲ್ಲಿ ಜಾಗ ಇದ್ದರೆ 4ಕೆಯಲ್ಲಿ ತೆಗೆದು, ಅಗಲ ಎತ್ತರ ಎರಡೂ ಅದರ ಅರ್ಧದಷ್ಟಿರುವ 1080ಪಿಯಲ್ಲಿ ಎಡಿಟ್ ಮಾಡಿ. ಆಗ ಎರಡು ಪಟ್ಟು ಹತ್ತಿರಕ್ಕೆ ಎಳೆದರೂ ಚಿತ್ರ ಮಸುಕಾಗುವುದಿಲ್ಲ.

4. ಕತ್ತರಿಸಿ ಜೋಡಿಸಿ

ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಫೋನಿನಲ್ಲೇ ಮಾಡುವುದಾದರೆ ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳಿವೆ. ಫೋನಿನ ವಿಡಿಯೊಗಳಲ್ಲಿ ಫ್ರೇಮಿನ ವೇಗ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಅಲ್ಲಲ್ಲಿ ಏರುಪೇರಾಗುತ್ತದೆ. ಅದರಿಂದ ಕೆಲವೊಮ್ಮೆ ಬಾಯಿಗೂ ಮಾತಿಗೂ ಹೊಂದುವುದಿಲ್ಲ. ಹಾಗಾದರೆ ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಫೈಲನ್ನು ಒಮ್ಮೆ ಬದಲಿಸಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಮಾತಷ್ಟನ್ನೇ ಜೋಡಿಸಿ, ಕಣ್ಣು ಮುಚ್ಚಿ ಕೇಳಿ. ಬರೀ ಕೇಳಿದರೂ ವಿಷಯ ತಿಳಿಯಬೇಕು. ಆಮೇಲೆ ಅದರ ಮೇಲೆ ಚಿತ್ರಗಳು, ನಂತರ ಉಳಿದ ಸದ್ದುಗಳು. ಬಣ್ಣ ತಿದ್ದುವುದು ಕೊನೆಗೆ.

ಕಟ್ ಎಲ್ಲಿ ಮಾಡಬೇಕು? ಕೈ ಚಲಿಸುತ್ತಿರುವಾಗ. ದೂರದ ಶಾಟ್‌ನಲ್ಲಿ ರೊಟ್ಟಿ ಹಲಗೆಯಿಂದ ಏಳುತ್ತಿದೆ, ಅರ್ಧ ಎದ್ದಾಗಲೇ ಕತ್ತರಿಸಿ, ಹಂಚಿನ ಮೇಲೆ ಬೀಳುತ್ತಿರುವ ಶಾಟ್‌ಗೆ ಹೋಗಿ. ಕಣ್ಣು ಚಲನೆಯ ಹಿಂದೆ ಹೋಗುವುದರಿಂದ ಕಟ್ ಗಮನಕ್ಕೇ ಬರುವುದಿಲ್ಲ. ಸದ್ದನ್ನು ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲು ತನ್ನಿ. ಹಿಟ್ಟು ನಾದುವುದು ಕಾಣುತ್ತಿರುವಾಗಲೇ ಬಡಿಯುವ ಸದ್ದು ಶುರುವಾಗಲಿ. ಎಡಿಟರ್‌ಗಳು ಇದನ್ನು ಜೆ ಕಟ್ ಅನ್ನುತ್ತಾರೆ.

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಶಾಟನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದ್ದರು. ಪಕ್ಕದ ದೃಶ್ಯ ಬದಲಾದ ಹಾಗೆ ನೋಡುಗರಿಗೆ ಅದೇ ಮುಖದಲ್ಲಿ ಬೇರೆ ಬೇರೆ ಭಾವ ಕಂಡವು. ನಿಮಗೂ ಇದು ಉಪಯೋಗ. ಉಬ್ಬುತ್ತಿರುವ ರೊಟ್ಟಿಯ ಪಕ್ಕ ಅಮ್ಮನ ಮುಖ ಎರಡು ಸೆಕೆಂಡ್ ಇಡಿ, ಏನೂ ವಿವರಿಸಬೇಕಾಗಿಲ್ಲ.

ತಿರುಗುವ, ಹಾರುವ ಟ್ರಾನ್ಸಿಶನ್‌ಗಳನ್ನು ಬಿಟ್ಟುಬಿಡಿ. ಪ್ರತಿ ಮೂರು ಸೆಕೆಂಡಿಗೆ ಕಟ್ ಮಾಡಬೇಕು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ರೊಟ್ಟಿ ಅಗಲವಾಗುತ್ತಾ ಹೋಗುವುದನ್ನು ಹತ್ತು ಸೆಕೆಂಡ್ ತಡೆಯದೆ ತೋರಿಸಿ. ಮಾತು ಬೇಡ, ಸಂಗೀತವೂ ಬೇಡ. ಆ ಕೈಚಳಕವನ್ನು ನೋಡಲೆಂದೇ ಜನ ಬಂದಿರುತ್ತಾರೆ.

5. ಕನ್ನಡ ಅಕ್ಷರ ಒಡೆಯದಿರಲಿ

ಪರದೆಯ ಮೇಲೆ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ವಿಡಿಯೊದ ಅಂದವೇ ಕೆಡುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದದ್ದನ್ನು ತಂದು ಹಾಕಬೇಡಿ, ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್‌ನಲ್ಲೇ ಬರೆಯಿರಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಫಾಂಟ್‌ಗಳು ಉಚಿತ, ಸಣ್ಣ ಪರದೆಯಲ್ಲೂ ಓದಿಸಿಕೊಳ್ಳುತ್ತವೆ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು, ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ದರೆ ಅದನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಬೇಕು. ‘ರೊಟ್ಟಿ’, ‘ಸ್ವಲ್ಪ’, ‘ಸ್ತ್ರೀ’ ಎಂದು ಬರೆದು ನೋಡಿ, ಮೂರೂ ಸರಿ ಬಂದರೆ ಮುಂದುವರಿಯಿರಿ. ಬರದಿದ್ದರೆ ಅಕ್ಷರವನ್ನು ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸಿ. ಸಬ್‌ಟೈಟಲ್ ಫೈಲನ್ನು ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್‌ನ ಒಂದು ರೂಪ) ಇರಲಿ.

6. ಹಾಡು ಯಾರದು?

ದಾಸರ ಪದ ಐದುನೂರು ವರ್ಷ ಹಳೆಯದು, ಹಾಕಿದರೇನು ಅಂತ ಕೆಲವರು ಕೇಳುತ್ತಾರೆ. ಪದದ ಮೇಲೆ ಹಕ್ಕಿಲ್ಲ, ನಿಜ. ಆದರೆ ಇವತ್ತಿನ ಗಾಯಕರು ಹಾಡಿದ ಆ ಧ್ವನಿಮುದ್ರಣದ ಮೇಲೆ ಹಕ್ಕಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ, ಅದು ಪ್ರಕಟವಾದ ಮೇಲೆ 60 ವರ್ಷದ ರಕ್ಷಣೆ ಇದೆ. ನಿಮ್ಮ ಮನೆಯವರೇ ಹಾಡಿದರೆ ಚೆನ್ನ. ಇಲ್ಲವಾದರೆ ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದ ತೆಗೆದುಕೊಳ್ಳಿ.

7. ಹೊರತೆಗೆಯಿರಿ, ಹಾಕಿ, ನೋಡಿ

ಫೈಲ್ ಹೊರತೆಗೆಯುವಾಗ ಎಚ್.264 ಎಂಬ ಮಾದರಿ, 1080ಪಿ ಗಾತ್ರ ಸಾಕು. ಒಟ್ಟು ಸದ್ದು ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ವಿಡಿಯೊ ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಹತ್ತಿರ ಇರಲಿ. ಅದಕ್ಕಿಂತ ಜೋರಿದ್ದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಮಾತ್ರ ಸಾಮಾನ್ಯವಾಗಿ ಏರಿಸುವುದಿಲ್ಲ. ಹಾಕುವ ಮೊದಲು ಫೋನಿನ ಸ್ಪೀಕರ್‌ನಲ್ಲಿ ಕಡಿಮೆ ವಾಲ್ಯೂಮ್ ಇಟ್ಟು ಒಂದು ಸಲ ಕೇಳಿ.

ಕೆಲವು ದಿನ ಬಿಟ್ಟು ಯೂಟ್ಯೂಬ್ ಸ್ಟುಡಿಯೊದಲ್ಲಿ ಜನ ಎಲ್ಲಿಯವರೆಗೆ ನೋಡಿದರು ಎಂಬ ಗ್ರಾಫ್ ತೆರೆಯಿರಿ. ಗೆರೆ ಥಟ್ಟನೆ ಕುಸಿದ ಕಡೆ ನಿಮ್ಮ ವಿಡಿಯೊ ನಿಲ್ಲಿಸಿ ನೋಡಿ. ಹೆಚ್ಚಾಗಿ ಅಲ್ಲಿ ಉದ್ದನೆಯ ಪೀಠಿಕೆಯೋ, ಹೇಳಿದ್ದನ್ನೇ ಮತ್ತೆ ಹೇಳಿದ್ದೋ ಇರುತ್ತದೆ. ಮುಂದಿನ ಸಲ ಅದನ್ನು ಕೈಬಿಡಿ. ಗೆರೆ ಮೇಲೆದ್ದಿದ್ದರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ ಎಂದರ್ಥ. ಆ ತುಣುಕನ್ನೇ, ಫೋನನ್ನು ನೆಟ್ಟಗೆ ಹಿಡಿದಾಗ ಪರದೆ ತುಂಬುವಂಥ ಚೌಕಟ್ಟಿಗೆ ಕತ್ತರಿಸಿ ಶಾರ್ಟ್ಸ್ ಮಾಡಿ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್ ಮೂರು ನಿಮಿಷದವರೆಗೆ ಇರಬಹುದು, ಆದರೆ ಒಂದು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು ಇದ್ದರೆ ಸಾಕು. ಅಕ್ಷರಗಳನ್ನು ಮಾತ್ರ ಸ್ವಲ್ಪ ಮೇಲಕ್ಕೆ ಇಡಿ, ಕೆಳಭಾಗವನ್ನು ಶೀರ್ಷಿಕೆ ಮತ್ತು ಬಟನ್‌ಗಳು ಮುಚ್ಚುತ್ತವೆ.